ಹೆಣೆದ ಚೀಲ ಸಂತೆಗೆ ಬಂದದ್ದು ಹೇಗೆ: ಮಲೆನಾಡಿನ ಒಂದು ಪ್ರಕರಣ ಅಧ್ಯಯನ

ಇದು ಮಲೆನಾಡಿನ ಒಂದು ತಾಲ್ಲೂಕು ಊರಿನ ಕತೆ. ಊರಿನ ಹೆಸರು, ಜನರ ಹೆಸರು ಎರಡನ್ನೂ ಬಿಟ್ಟಿದ್ದೇನೆ. ಗುರುತು ಸಿಗುವಂಥ ಕೆಲವು ವಿವರ ಬದಲಾಯಿಸಿದ್ದೇನೆ. ಅಲ್ಲಿನ ಹೆಂಗಸರ ಒಂದು ಗುಂಪು ಪ್ಲಾಸ್ಟಿಕ್ ಕಡಿಮೆ ಮಾಡಬೇಕು ಅಂತ ಕ್ರೋಶಾ ಕಡ್ಡಿ, ಅಂದರೆ ತುದಿಯಲ್ಲಿ ಕೊಕ್ಕೆ ಇರುವ ಹೆಣಿಗೆ ಕಡ್ಡಿ, ಹಿಡಿದು ಸಂತೆ ಚೀಲ ಹೆಣೆಯಲು ಕೂತಿತು. ಗುಂಪಿನ ಲೆಕ್ಕದ ಪುಸ್ತಕ ಬರೆಯುತ್ತಿದ್ದವಳು ನಾನು. ಯಾವ ತೀರ್ಮಾನ ಯಾಕೆ ಆಯಿತು ಅನ್ನೋದನ್ನು ಹತ್ತಿರದಿಂದ ನೋಡಿದ್ದೇನೆ.

ಇದೇ ಕೆಲಸ ಶುರು ಮಾಡೋಣ ಅಂತ ಬೇರೆ ಊರುಗಳ ಗುಂಪುಗಳು ಆಗಾಗ ವಿಚಾರಿಸುತ್ತವೆ. ಎಲ್ಲರೂ ಮೊದಲು ಕೇಳೋದು ಚೀಲದ ಡಿಸೈನ್. ಅದಕ್ಕೂ ಮುಂಚೆ ಕೇಳಬೇಕಾದದ್ದು ಬೇರೆ ಇದೆ. ತರಕಾರಿ ತೂಕ ಹಾಕುವ ಹೊತ್ತಿಗೆ ಈ ಚೀಲ ಎಲ್ಲಿರುತ್ತದೆ? ಕೊಳ್ಳುವವರ ಕೈಯಲ್ಲೋ, ಮನೆಯ ಮೊಳೆಯ ಮೇಲೋ? ಈ ಗುಂಪಿಗೆ ಆ ಪ್ರಶ್ನೆ ಹೊಳೆದದ್ದು ತಡವಾಗಿ. ಹೊಳೆದ ಮೇಲೆ ಚೀಲದ ಬಣ್ಣ, ಅಳತೆ, ಬೆಲೆ, ಎಲ್ಲವೂ ಬದಲಾದವು.

ಊರು, ಸಂತೆ, ಕೊಟ್ಟೆ

ಊರಲ್ಲಿ ವಾರಕ್ಕೊಂದು ಸಂತೆ. ದಿನಾ ತೆರೆದಿರುವ ಒಂದಿಷ್ಟು ತರಕಾರಿ ಅಂಗಡಿ, ಕಿರಾಣಿ ಅಂಗಡಿ. ಬಸ್ ಸ್ಟ್ಯಾಂಡ್ ಹಿಂದೆ ಮೀನು ಮಾರುವ ಜಾಗ. ನಮ್ಮ ಕಡೆ ಪ್ಲಾಸ್ಟಿಕ್ ಕವರಿಗೆ ಕೊಟ್ಟೆ ಅನ್ನುತ್ತಾರೆ. ಟೊಮ್ಯಾಟೊಗೆ ಒಂದು ಕೊಟ್ಟೆ, ಹಸಿಮೆಣಸಿಗೆ ಒಂದು, ಶುಂಠಿಗೆ ಒಂದು, ಎಲ್ಲವನ್ನೂ ಸೇರಿಸಿ ಹಿಡಿಯಲು ದೊಡ್ಡದು ಇನ್ನೊಂದು. ನೂರು ರೂಪಾಯಿಯ ತರಕಾರಿ ತಂದರೆ ನಾಲ್ಕೈದು ಕೊಟ್ಟೆ ಮನೆ ಸೇರುತ್ತಿತ್ತು. ಮಳೆಗಾಲದಲ್ಲಿ ಅವೇ ಚರಂಡಿಗೆ ಅಡ್ಡ ಕೂತು ರಸ್ತೆ ಮೇಲೆ ನೀರು ಹರಿಯುತ್ತಿತ್ತು.

ದನಗಳ ಪಾಡು ಇನ್ನೂ ಕಷ್ಟ. ಸೊಪ್ಪಿನ ಕಡ್ಡಿ, ಹಣ್ಣಿನ ಸಿಪ್ಪೆ ತುಂಬಿ ಗಂಟು ಕಟ್ಟಿ ಎಸೆದ ಕೊಟ್ಟೆಯನ್ನು ದನ ಬಿಚ್ಚಿ ತಿನ್ನುವುದಿಲ್ಲ, ಇಡಿಯಾಗಿ ನುಂಗುತ್ತದೆ. ಅದರ ದೊಡ್ಡ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕರಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಅಲ್ಲೇ ಉಂಡೆ ಕಟ್ಟುತ್ತದೆ. ಹೊಟ್ಟೆ ತುಂಬಿದ ಹಾಗಿದ್ದು ದನ ಮೇವು ಬಿಟ್ಟು ಸೊರಗುತ್ತದೆ. ಗುಂಪಿನಲ್ಲಿದ್ದ ಒಬ್ಬ ಅಕ್ಕ ತಮ್ಮ ಗಬ್ಬದ ಹಸುವನ್ನು ಹೀಗೇ ಕಳೆದುಕೊಂಡಿದ್ದರು. ಅವರು ಮೊದಲ ಸಭೆಯಲ್ಲಿ ಜಾಸ್ತಿ ಮಾತಾಡಲಿಲ್ಲ. "ನಂಗೆ ಹೆಣೆಯೋಕೆ ಬರಲ್ಲ, ಕಲಿಸಿಕೊಡಿ" ಅಂದರು ಅಷ್ಟೇ.

ಕಾನೂನು ಇರಲಿಲ್ಲ ಅಂತಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರಂದೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸ್ ಎಲ್ಲವನ್ನೂ ನಿಷೇಧಿಸಿತ್ತು. ಕೇಂದ್ರದ ನಿಯಮವೂ ಬಿಗಿಯಾಯಿತು. 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ತೆಳುವಾದ ಕೈಚೀಲ ಮಾಡುವಂತಿಲ್ಲ, ಮಾರುವಂತಿಲ್ಲ. 2022ರ ಡಿಸೆಂಬರ್ 31ರಿಂದ ಆ ಮಿತಿ 120 ಮೈಕ್ರಾನ್ ಆಯಿತು. ಊರಲ್ಲಿ ತಪಾಸಣೆ ಬಂದ ವಾರ ಕೊಟ್ಟೆಗಳು ಗಲ್ಲಾಪೆಟ್ಟಿಗೆ ಕೆಳಗೆ ಹೋಗುತ್ತಿದ್ದವು. ಮುಂದಿನ ವಾರ ಮತ್ತೆ ಮೇಲೆ ಬರುತ್ತಿದ್ದವು. ಅಂಗಡಿಯವರನ್ನು ಬೈದು ಪ್ರಯೋಜನ ಇರಲಿಲ್ಲ. ಬರಿಗೈಯಲ್ಲಿ ಬಂದ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಅನ್ನೋ ಭಯ ಅವರಿಗೆ ನಿಜವಾಗಿಯೂ ಇತ್ತು.

ಗುಂಪು ಕಟ್ಟಿದವರು ಒಬ್ಬ ನಿವೃತ್ತ ಶಿಕ್ಷಕಿ. ಊರಿಗೆಲ್ಲ ಅವರು ಟೀಚರಮ್ಮ. ಮಲೆನಾಡಿನ ಚಳಿಗೆ ಸ್ವೆಟರ್, ಟೊಪ್ಪಿ ಹೆಣೆಯುವುದು ಅಲ್ಲಿನ ಹೆಂಗಸರಿಗೆ ಹೊಸದಲ್ಲ. ಮಧ್ಯಾಹ್ನ ಊಟ ಆದ ಮೇಲೆ ಟೀಚರಮ್ಮನ ಜಗಲಿಯಲ್ಲಿ ಕೂತು ಹೆಣೆಯುತ್ತಿದ್ದ ಹತ್ತು ಹನ್ನೆರಡು ಜನರೇ ಈ ಕೆಲಸಕ್ಕೂ ಕೂತರು.

ಮೊದಲ ಕಂತು, ಮತ್ತು ದೀಪದ ಮುಂದೆ ಹಿಡಿದ ಎಳೆ

ಮೊದಲು ಹೆಣೆದದ್ದು ಮನೆಯಲ್ಲಿ ಉಳಿದಿದ್ದ ಉಲ್ಲನ್‌ನಲ್ಲಿ. ಪ್ರತಿ ಮನೆಯಲ್ಲೂ ಅರ್ಧ ಮುಗಿದ ಉಂಡೆಗಳಿದ್ದವು. ಗುಲಾಬಿ, ಹಸಿರು, ನೀಲಿ ಪಟ್ಟೆಯ ಚೀಲಗಳು, ಒಂದರ ಹಾಗೆ ಇನ್ನೊಂದಿಲ್ಲ. ಊರಿನ ಒಂದು ಕಾರ್ಯಕ್ರಮದಲ್ಲಿ ಪುಕ್ಕಟೆ ಹಂಚಿದರು. ಎಲ್ಲರೂ ಹೊಗಳಿದರು, ಫೋಟೊ ತೆಗೆದರು.

ಮೊದಲ ತಿರುವು ಬಂದದ್ದು ಟೀಚರಮ್ಮನ ಸೊಸೆಯಿಂದ. ಆಕೆ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿದವಳು. ಒಂದು ಸಂಜೆ ಜಗಲಿಯಲ್ಲಿ ದೀಪ ಹಚ್ಚಿ, ಇಕ್ಕಳದಲ್ಲಿ ಒಂದೊಂದೇ ಎಳೆ ಹಿಡಿದು ತೋರಿಸಿದಳು. ಹತ್ತಿಯ ದಾರಕ್ಕೆ ಕಾಗದದ ಹಾಗೆ ಬೆಂಕಿ ಹತ್ತಿತು. ಸುಟ್ಟ ಕಾಗದದ್ದೇ ವಾಸನೆ ಬಂತು. ಕೊನೆಗೆ ಉಳಿದದ್ದು ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ. ಆಮೇಲೆ ಗುಲಾಬಿ ಉಲ್ಲನ್ ಹಿಡಿದಳು. ಅದು ಮುದುಡಿತು, ಕರಗಿತು, ಕಪ್ಪು ಹೊಗೆ ಬಿಟ್ಟಿತು. ಆರಿದ ಮೇಲೆ ತುದಿಯಲ್ಲಿ ಗಟ್ಟಿ ಕರಿ ಮಣಿ. ಉಗುರಿನಲ್ಲಿ ಒತ್ತಿದರೂ ಒಡೆಯಲಿಲ್ಲ. ನಾವು ಉಲ್ಲನ್ ಅಂತ ಕೊಂಡು ತರುತ್ತಿದ್ದ ಆ ದಾರದಲ್ಲಿ ಕುರಿಯ ಕೂದಲು ಒಂದೆಳೆಯೂ ಇರಲಿಲ್ಲ. ಅದು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್.

ಆಕೆ ಅಲ್ಲಿಗೇ ನಿಲ್ಲಿಸಲಿಲ್ಲ. ಬಟ್ಟೆ ಅಂಗಡಿಯಲ್ಲಿ ಸೀರೆ ಹಾಕಿಕೊಟ್ಟಿದ್ದ ಚೀಲದಿಂದ ಒಂದು ಚೂರು ಕತ್ತರಿಸಿ ಹಿಡಿದಳು. ಕೈಗೆ ಬಟ್ಟೆಯ ಹಾಗೆ ಅನ್ನಿಸುವ, ಊರಲ್ಲಿ ಎಲ್ಲರೂ ಬಟ್ಟೆ ಚೀಲ ಅಂತಲೇ ನಂಬಿದ್ದ ನಾನ್‌ವೋವನ್ (ನೇಯದೆ ಮಾಡಿದ) ಚೀಲ ಅದು. ಮೇಣದ ಹಾಗೆ ಕರಗಿ ತೊಟ್ಟಿಕ್ಕಿತು. ಅದು ಪಾಲಿಪ್ರೊಪಿಲೀನ್. ಕೇಂದ್ರದ 2021ರ ತಿದ್ದುಪಡಿ ಇಂಥ ಚೀಲಕ್ಕೂ ಚದರ ಮೀಟರಿಗೆ 60 ಗ್ರಾಂಗಿಂತ ತೆಳುವಾಗಿರಬಾರದು ಅಂತ ಮಿತಿ ಹಾಕಿದ್ದು ಅದು ಪ್ಲಾಸ್ಟಿಕ್ ಆದ ಕಾರಣಕ್ಕೇ.

ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಕಡ್ಡಿ ಎತ್ತಲಿಲ್ಲ. ನಂತರ ವಾದ ಶುರುವಾಯಿತು. "ಮನೇಲಿ ಬಿದ್ದಿರೋ ಉಂಡೆ ಉಪಯೋಗಿಸಿದ್ರೆ ತಪ್ಪೇನು? ಎಸೆಯೋದಕ್ಕಿಂತ ವಾಸಿ ಅಲ್ವಾ?" ಅಂತ ಒಬ್ಬರು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ. ಉತ್ತರ ಸೊಸೆಯ ಹತ್ತಿರ ಇತ್ತು. ಸಂತೆ ಚೀಲವನ್ನು ಮೇಲಿಂದ ಮೇಲೆ ತೊಳೆಯಬೇಕು. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರು ಕೆಜಿ ಅಕ್ರಿಲಿಕ್ ಬಟ್ಟೆಯನ್ನು ಮೆಷಿನ್‌ನಲ್ಲಿ ಒಂದು ಸಲ ಒಗೆದರೆ ಏಳು ಲಕ್ಷಕ್ಕೂ ಜಾಸ್ತಿ ಸಣ್ಣ ಎಳೆ ನೀರಿಗೆ ಹೋಗಬಹುದು. ನಮ್ಮ ಊರಿನ ಬಚ್ಚಲ ನೀರು ಹೋಗೋದು ಅಡಿಕೆ ತೋಟಕ್ಕೆ, ಅಲ್ಲಿಂದ ಹಳ್ಳಕ್ಕೆ.

ತೀರ್ಮಾನ ಆಯಿತು: ಉಳಿದ ಉಲ್ಲನ್ ಟೊಪ್ಪಿಗೆ, ಕಾಲುಚೀಲಕ್ಕೆ. ಸಂತೆ ಚೀಲಕ್ಕೆ ಹತ್ತಿ ಮಾತ್ರ. ಮೊದಲ ಬಾರಿಗೆ ನೂಲಿಗೆ ದುಡ್ಡು ಹಾಕಬೇಕಾಯಿತು. ಇಬ್ಬರು ಅಲ್ಲಿಗೇ ಬಿಟ್ಟರು.

ಮಧ್ಯೆ ಹಾಲಿನ ಪ್ಯಾಕೆಟ್ಟಿನ ಪ್ರಯತ್ನವೂ ನಡೆಯಿತು. ಆಫ್ರಿಕಾದ ಗ್ಯಾಂಬಿಯಾದಲ್ಲಿ ಇಸಾತೂ ಸೀಸೇ ಅನ್ನುವಾಕೆ 1997ರಲ್ಲಿ ತನ್ನ ಹಳ್ಳಿಯ ಹೆಂಗಸರ ಜೊತೆ ಬಿಸಾಡಿದ ಪ್ಲಾಸ್ಟಿಕ್ ಚೀಲಗಳನ್ನು ಪಟ್ಟಿ ಪಟ್ಟಿ ಕತ್ತರಿಸಿ, ಕ್ರೋಶಾದಲ್ಲಿ ಪರ್ಸು ಹೆಣೆದು ಮಾರಲು ಶುರು ಮಾಡಿದ್ದು ಟೀಚರಮ್ಮನಿಗೆ ತಿಳಿದಿತ್ತು. ಅಲ್ಲಿ ಆ ಕೆಲಸ ದೊಡ್ಡದಾಗಿ ಬೆಳೆಯಿತು. ನಮ್ಮಲ್ಲಿ ಹಾಲಿನ ಪ್ಯಾಕೆಟ್ ತೊಳೆದು ಒಣಗಿಸುವುದೇ ಹೆಣಿಗೆಗಿಂತ ದೊಡ್ಡ ಕೆಲಸವಾಯಿತು. ಎಷ್ಟು ತೊಳೆದರೂ ಹುಳಿ ವಾಸನೆ ಹೋಗಲಿಲ್ಲ. ಪರ್ಸು, ಪೌಚಿಗೆ ಅದು ಸರಿ. ದಿನಾ ಬಿಸಿಲಲ್ಲಿ ಓಡಾಡುವ ಚೀಲಕ್ಕೆ ಸರಿಯಲ್ಲ. ತೆಳು ಪ್ಲಾಸ್ಟಿಕ್ ಬಿಸಿಲಿಗೆ ಸೆಟೆದು ಚೂರು ಚೂರು ಉದುರುತ್ತದೆ.

ಹಿಗ್ಗುವ ಚೀಲ

ಹತ್ತಿಗೆ ಬಂದ ಮೇಲೆ ಚೀಲ ಹಿಗ್ಗತೊಡಗಿತು. ಇಬ್ಬರು ಎರಡು ಸೂಜಿಯ ಹೆಣಿಗೆಯಲ್ಲಿ ಮಾಡಿದ್ದರು, ಉಳಿದವರು ಕ್ರೋಶಾದಲ್ಲಿ. ಸೂಜಿ ಹೆಣಿಗೆ ಸ್ವೆಟರಿಗೆ ಒಳ್ಳೆಯದು ಯಾಕೆಂದರೆ ಅದು ಎಳೆದಷ್ಟೂ ಬರುತ್ತದೆ. ಅದೇ ಗುಣ ಚೀಲಕ್ಕೆ ಶತ್ರು. ಎರಡು ಕೆಜಿ ಆಲೂಗಡ್ಡೆ ಹಾಕಿದರೆ ಮೊಣಕಾಲಿಗೆ ಬರುತ್ತಿತ್ತು. ಜೊತೆಗೆ, ಒಂದು ಕುಣಿಕೆ ಹರಿದರೆ ಕೆಳಗಿನವು ಸಾಲಾಗಿ ಬಿಚ್ಚಿಕೊಳ್ಳುತ್ತವೆ. ಕ್ರೋಶಾದಲ್ಲಿ ಒಂದೊಂದು ಕುಣಿಕೆಯೂ ಅಲ್ಲಲ್ಲೇ ಬಿಗಿದುಕೊಂಡಿರುತ್ತದೆ. ಒಂದು ಕಡೆ ಹರಿದರೂ ಸಾಲು ಪೂರ್ತಿ ಓಡುವುದಿಲ್ಲ. ಸೂಜಿ ಬಿಟ್ಟು ಕೊಕ್ಕೆ ಕಡ್ಡಿಗೆ ಬಂದದ್ದು ಈ ಕಾರಣಕ್ಕೆ.

ಕ್ರೋಶಾ ಚೀಲಕ್ಕೂ ಅದರದೇ ತೊಂದರೆ ಇತ್ತು. ಬಲೆಯ ಕಣ್ಣು ದೊಡ್ಡದಿದ್ದರೆ ಹಸಿಮೆಣಸು, ಬೀನ್ಸ್, ಬೆಳ್ಳುಳ್ಳಿ ದಾರಿಯುದ್ದಕ್ಕೂ ಉದುರುತ್ತಿದ್ದವು. ಹಿಡಿಕೆ ಉದ್ದವಾಗಿ, ಹಗ್ಗದ ಹಾಗೆ ಸುರುಟಿ, ಭುಜ ಕೊಯ್ಯುತ್ತಿತ್ತು.

ಹಸು ಕಳೆದುಕೊಂಡ ಆ ಅಕ್ಕ ಇಲ್ಲಿ ಮುಂದೆ ಬಂದರು. ಅವರ ಮನೆಯ ಅಟ್ಟದ ತೊಲೆಗೆ ಕೊಕ್ಕೆ ಇತ್ತು. ಹೊಸ ಚೀಲ ಯಾರೇ ತರಲಿ, ಅದರಲ್ಲಿ ಐದು ಕೆಜಿ ಅಕ್ಕಿಯ ಗಂಟು ಇಟ್ಟು ರಾತ್ರಿ ಅಲ್ಲಿ ನೇತು ಹಾಕುತ್ತಿದ್ದರು. ಬೆಳಿಗ್ಗೆ ಟೇಪ್ ಹಿಡಿದು ಅಳೆಯುತ್ತಿದ್ದರು. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಎಷ್ಟು ಹಿಗ್ಗಿತು, ಎಲ್ಲಿ ಹಿಗ್ಗಿತು ಅಂತ ಬರೆಯುತ್ತಿದ್ದರು. ಆ ಹಾಳೆಯೇ ಗುಂಪಿಗೆ ಡಿಸೈನ್ ಕಲಿಸಿತು. ಹಿಗ್ಗುತ್ತಿದ್ದದ್ದು ಹೊಟ್ಟೆಗಿಂತ ಜಾಸ್ತಿ ಹಿಡಿಕೆ ಅನ್ನೋದು ಗೊತ್ತಾಯಿತು. ಹಿಡಿಕೆಯನ್ನು ಬೇರೆ ಹೆಣೆದು ಹೊಲಿಯುವುದು ಬಿಟ್ಟು, ಬಾಯಿಯ ಸುತ್ತಿನಿಂದಲೇ ಮುಂದುವರಿಸಿದರು. ಎರಡೂ ಅಂಚಿಗೆ ಬಿಗಿಯಾದ ಸ್ಲಿಪ್ ಸ್ಟಿಚ್ ಸಾಲು ಹಾಕಿದರು. ಒಳಗಡೆ ಹತ್ತಿ ಟೇಪು ಹೊಲಿದರು. ಬಲೆಯ ಒಂದೊಂದು ಕಣ್ಣಿಗೆ ಐದು ಚೈನ್, ಅಂದರೆ ಸರಪಳಿಯಂಥ ಕುಣಿಕೆ, ಇದ್ದದ್ದು ಮೂರಾಯಿತು.

ಮೊಳೆಗೆ ನೇತು ಬಿದ್ದವು

ಇಷ್ಟೆಲ್ಲ ಆದ ಮೇಲೂ ಸಂತೆಯಲ್ಲಿ ನಮ್ಮ ಚೀಲ ಕಾಣುತ್ತಿರಲಿಲ್ಲ. ನೂರಕ್ಕೂ ಹೆಚ್ಚು ಚೀಲ ಊರಿಗೆ ಹೋಗಿದ್ದವು. ಸಂತೆ ಬಾಗಿಲಲ್ಲಿ ನಿಂತು ನೋಡಿದರೆ ಬೆರಳೆಣಿಕೆಯಷ್ಟು. ಸರಿ, ಮನೆ ಮನೆಗೆ ಹೋಗಿ ಕೇಳೋಣ ಅಂತ ಟೀಚರಮ್ಮ ಹೊರಟರು. ಜೊತೆಗೆ ನಾವೂ ಹೋದೆವು.

ಚೀಲಗಳು ಎಲ್ಲ ಮನೆಯಲ್ಲೂ ಇದ್ದವು, ಭದ್ರವಾಗಿ. ಒಂದು ಮನೆಯಲ್ಲಿ ಶೋಕೇಸಿನಲ್ಲಿ. ಒಂದು ಮನೆಯಲ್ಲಿ ಬೀರುವಿನಲ್ಲಿ, ರೇಷ್ಮೆ ಸೀರೆ ಪಕ್ಕ. ಇನ್ನೊಂದರಲ್ಲಿ ದೇವಸ್ಥಾನಕ್ಕೆ ಹಣ್ಣುಕಾಯಿ ಒಯ್ಯಲು ಮಾತ್ರ. "ಇಷ್ಟು ಚೆಂದ ಹೆಣೆದಿದ್ದೀರಿ, ಇದ್ರಲ್ಲಿ ಮಣ್ಣು ಮೆತ್ತಿದ ಗೆಣಸು ಹಾಕೋಕೆ ಮನಸ್ಸು ಬರಲ್ಲ ಕಣ್ರೀ" ಅಂದರು ಒಬ್ಬರು. ಅದು ನೆಪ ಅಲ್ಲ, ಹೆಣೆದವರ ಮೇಲಿನ ಗೌರವ. ಕೈಕೆಲಸ ಅಂದರೆ ಜೋಪಾನ ಮಾಡುವ ವಸ್ತು ಅಂತ ನಾವೇ ತಲೆತಲಾಂತರದಿಂದ ಕಲಿಸಿಕೊಂಡು ಬಂದಿದ್ದೇವೆ.

ಇನ್ನು ಕೆಲವರ ಉತ್ತರ ಬೇರೆ. "ನಾನೆಲ್ಲಿ ಸಂತೆಗೆ ಹೋಗ್ತೀನಿ? ಇವ್ರು ಕೆಲಸದಿಂದ ಬರುವಾಗ ತರ್ತಾರೆ." ಈ ಮಾತು ನಮಗೆ ಕಣ್ಣು ತೆರೆಸಿತು. ನಾವು ಚೀಲ ಕೊಟ್ಟಿದ್ದು ಮನೆಯಲ್ಲಿರುವ ಹೆಂಗಸರಿಗೆ. ದಿನದ ತರಕಾರಿ ತರುತ್ತಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಕೆಲಸ ಮುಗಿಸಿ ಬೈಕಿನಲ್ಲಿ ಬರುವ ಗಂಡಸರು. ಸಂಜೆ ಫೋನ್ ಬರುತ್ತದೆ, "ಬರ್ತಾ ಅರ್ಧ ಕೆಜಿ ಈರುಳ್ಳಿ, ಒಂದು ಕಟ್ಟು ಕೊತ್ತಂಬರಿ." ಅವರ ಕೈಯಲ್ಲಿ ಚೀಲ ಇಲ್ಲ. ಚೀಲ ಮನೆಯಲ್ಲಿ ಮೊಳೆ ಮೇಲಿದೆ.

ಬಳಸದ ಹತ್ತಿ ಚೀಲ ಪರಿಸರಕ್ಕೆ ಬರೀ ನಷ್ಟ ಅನ್ನೋದನ್ನು ಇಲ್ಲಿ ಹೇಳಲೇಬೇಕು. ಹತ್ತಿ ಬೆಳೆಯಲು ನೀರು ಬೇಕು, ಗೊಬ್ಬರ ಬೇಕು, ನೂಲಲು ಕರೆಂಟ್ ಬೇಕು. ಬ್ರಿಟನ್ನಿನ ಪರಿಸರ ಏಜೆನ್ಸಿ 2011ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಒಂದೇ ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಹವಾಮಾನದ ವಿಷಯದಲ್ಲಿ ಸಮನಾಗಬೇಕಾದರೆ ಹತ್ತಿ ಚೀಲವನ್ನು 131 ಸಲ ಬಳಸಬೇಕು. ಡೆನ್ಮಾರ್ಕಿನ 2018ರ ವರದಿಯಲ್ಲಿ ಹವಾಮಾನಕ್ಕೆ ಮಾತ್ರ ಆದರೆ 52 ಸಲ, ಬೇರೆಲ್ಲ ಪರಿಣಾಮ ಸೇರಿಸಿದರೆ 7,100 ಸಲ. ಈ ಎರಡೂ ಲೆಕ್ಕದಲ್ಲಿ ಚರಂಡಿ ಕಟ್ಟಿದ್ದು, ದನದ ಹೊಟ್ಟೆ ಸೇರಿದ್ದು ಬರುವುದಿಲ್ಲ. ಕಸ ಸರಿಯಾಗಿ ಎತ್ತುವ ದೇಶಗಳ ಲೆಕ್ಕ ಅದು. ಹಾಗಾಗಿ ಅದನ್ನೇ ಇಟ್ಟುಕೊಂಡು "ಪ್ಲಾಸ್ಟಿಕ್ಕೇ ವಾಸಿ" ಅನ್ನೋದು ನಮ್ಮ ಊರಿಗೆ ಹೊಂದುವುದಿಲ್ಲ. ಆದರೆ ಶೋಕೇಸಿನಲ್ಲಿ ಕೂತ ಚೀಲಕ್ಕೆ ಯಾವ ದೇಶದ ಲೆಕ್ಕದಲ್ಲೂ ಸಮರ್ಥನೆ ಇಲ್ಲ. ಆ ಸಂಖ್ಯೆಗಳನ್ನು ಓದಿ ಹೇಳಿದಾಗ ಗುಂಪು ಒಂದು ಗಟ್ಟಿ ನಿರ್ಧಾರ ಮಾಡಿತು. ಹಳೆಯ ಚೀಲಗಳು ಬಳಕೆಗೆ ಬರುವವರೆಗೆ ಹೊಸ ಚೀಲ ಹೆಣೆಯುವುದು ನಿಲ್ಲಿಸಬೇಕು. ಹೆಣೆಯುವವರಿಗೆ ಹೆಣೆಯಬೇಡಿ ಅನ್ನೋದು ಎಷ್ಟು ಕಷ್ಟ ಅಂತ ಆ ದಿನಗಳಲ್ಲಿ ನೋಡಿದೆ. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಮುಖ್ಯ ತೀರ್ಮಾನ ಇದೇ.

ಚೊಗರು ಬಣ್ಣ, ಜೇಬಿನ ಅಳತೆ

ಮತ್ತೆ ಹೆಣೆಯುವುದಾದರೆ, ಚೀಲ ಕೊಳೆಯಾದರೂ ಪರವಾಗಿಲ್ಲ ಅನ್ನಿಸುವಂತೆ ಮಾಡಬೇಕಿತ್ತು. ಉಪಾಯ ಊರಲ್ಲೇ ಇತ್ತು. ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ಕಂದು ರಸಕ್ಕೆ ಚೊಗರು ಅನ್ನುತ್ತಾರೆ. ಬಟ್ಟೆಗೆ ತಾಗಿದರೆ ಹೋಗುವುದೇ ಇಲ್ಲ, ಅಡಿಕೆ ಸುಗ್ಗಿಯಲ್ಲಿ ಕೆಲಸ ಮಾಡಿದ ಯಾರನ್ನು ಬೇಕಾದರೂ ಕೇಳಿ. ಸಾಗರದ ಹತ್ತಿರದ ಚರಕದಂಥ ಸಂಸ್ಥೆಗಳು ಇದೇ ಚೊಗರಿನಲ್ಲಿ ಕೈಮಗ್ಗದ ಬಟ್ಟೆಗೆ ಬಣ್ಣ ಕೊಡುತ್ತವೆ. ನಮ್ಮವರು ನೂಲಿನ ಲಡಿಗಳನ್ನು ತೊಳೆದು, ಪಟಿಕದ ನೀರಲ್ಲಿ ನೆನೆಸಿ, ಬಿಸಿ ಚೊಗರಿನಲ್ಲಿ ಅದ್ದಿದರು. ಮಣ್ಣಿನ ಬಣ್ಣದ ನೂಲು ಬಂತು. ಅದರ ಮೇಲೆ ಗೆಣಸಿನ ಮಣ್ಣು, ಬಾಳೆಕಾಯಿಯ ಸೊನೆ ಯಾವುದೂ ಎದ್ದು ಕಾಣುವುದಿಲ್ಲ. ಅಂಚಿನ ಡಿಸೈನು, ಹೂವು, ಮಣಿ ಎಲ್ಲ ಬಿಟ್ಟರು. ಚೀಲ ಸಾದಾ ಆಯಿತು. ಸಾದಾ ಆದದ್ದಕ್ಕೇ ಸಂತೆಗೆ ಬಂತು.

ಎರಡನೆಯದು ಅಳತೆ. ಬಟ್ಟೆ ಚೀಲದ ಮುಂದೆ ಕ್ರೋಶಾ ಬಲೆ ಚೀಲಕ್ಕೆ ಒಂದು ದೊಡ್ಡ ಅನುಕೂಲ ಇದೆ. ಖಾಲಿ ಇದ್ದಾಗ ಮುಷ್ಟಿಯಲ್ಲಿ ಹಿಡಿಯುತ್ತದೆ, ತುಂಬಿದಾಗ ಎರಡು ದಿನದ ತರಕಾರಿ ಹಿಡಿಯುತ್ತದೆ. ಈ ಅನುಕೂಲವನ್ನು ಅಲ್ಲಿಯವರೆಗೆ ಯಾರೂ ಬಳಸಿರಲಿಲ್ಲ. ಟೀಚರಮ್ಮನ ಯಜಮಾನರ ಅಂಗಿಯನ್ನೇ ಮುಂದಿಟ್ಟುಕೊಂಡು, ಅದರ ಜೇಬಿಗೆ ಹಿಡಿಯುವಷ್ಟೇ ಆಗಬೇಕು ಅಂತ ನೂಲು, ಕಡ್ಡಿ, ಸುತ್ತು ಎಲ್ಲ ತೆಳುವು ಮಾಡಿದರು. ಬೈಕಿನ ಡಿಕ್ಕಿಯಲ್ಲಿ ರೇನ್‌ಕೋಟಿನ ಜೊತೆ ಇಡುವಂತೆ ಬಾಯಿಗೆ ಒಂದು ಲಾಡಿಯನ್ನೂ ಸೇರಿಸಿದರು. ಪುಕ್ಕಟೆ ಹಂಚುವುದನ್ನು ನಿಲ್ಲಿಸಿ 120 ರೂಪಾಯಿ ಬೆಲೆ ಇಟ್ಟರು. ಮೊದಲು ಮಾರಿದ್ದು ಆಟೋ ಸ್ಟ್ಯಾಂಡಿನಲ್ಲಿ. ದುಡ್ಡು ಕೊಟ್ಟವರು ಮನೆಗೆ ಒಯ್ದು ಮೊಳೆಗೆ ಹಾಕಲಿಲ್ಲ. ಗಾಡಿಯಲ್ಲೇ ಇಟ್ಟುಕೊಂಡರು.

ಸೊಪ್ಪಿನ ಅಜ್ಜಿಯ ಕೊಸರು

ಈ ಭಾಗ ಗುಂಪು ಯೋಜನೆ ಮಾಡಿದ್ದಲ್ಲ. ಸಂತೆಯಲ್ಲಿ ಸೊಪ್ಪು ಮಾರುವ ಒಬ್ಬ ಅಜ್ಜಿ ತಾನಾಗಿಯೇ ಶುರು ಮಾಡಿದ್ದು.

ನಮ್ಮ ಸಂತೆಗಳಲ್ಲಿ ತೂಕ ಮುಗಿದ ಮೇಲೆ ಸ್ವಲ್ಪ ಕೊಸರು ಹಾಕುವ ಪದ್ಧತಿ ಇದೆಯಲ್ಲ. ಅಜ್ಜಿ ಆ ಕೊಸರನ್ನು ಚೀಲ ತಂದವರಿಗೆ ಮಾತ್ರ ಅಂತ ಮಾಡಿದರು. ಚೀಲ ಬಿಡಿಸಿ ಹಿಡಿದವರಿಗೆ ಒಂದು ಹಿಡಿ ಕರಿಬೇವು ಮೇಲೆ ಬೀಳುತ್ತಿತ್ತು. ಬರಿಗೈಯವರಿಗೆ ಕೊಟ್ಟೆ ಸಿಗುತ್ತಿತ್ತು, ಕರಿಬೇವು ಇಲ್ಲ. ಯಾಕಜ್ಜಿ ಅಂತ ಕೇಳಿದೆ. "ಕೊಟ್ಟೆಗೆ ನಾನು ಕಾಸು ಕೊಡ್ಬೇಕು ತಂಗೀ. ಕರಿಬೇವು ನಮ್ಮ ಹಿತ್ತಲಲ್ಲೇ ಇದೆ" ಅಂದರು. ಪಕ್ಕದಲ್ಲಿ ಕೂತವರು ಸುಮ್ನೆ ನೋಡುತ್ತಿದ್ದರು. ಸ್ವಲ್ಪ ವಾರಗಳಲ್ಲಿ ನಿಂಬೆಹಣ್ಣಿನವರು ಒಂದು ಸಣ್ಣ ನಿಂಬೆ, ಹೂವಿನವರು ಒಂದು ಮೊಳಕ್ಕೆ ಬೆರಳಷ್ಟು ಜಾಸ್ತಿ ಮಾಲೆ ಹಾಕತೊಡಗಿದರು.

ನಾವು ವರ್ಷದಿಂದ ಪರಿಸರ, ಭೂಮಿ, ಮುಂದಿನ ಪೀಳಿಗೆ ಅಂತ ಕರಪತ್ರ ಹಂಚಿದ್ದೆವು. ಅಜ್ಜಿ ಮಾರುವವರ ಲಾಭವನ್ನೂ ಕೊಳ್ಳುವವರ ಖುಷಿಯನ್ನೂ ಒಂದೇ ಹಿಡಿಯಲ್ಲಿ ಸೇರಿಸಿದರು. ಇದನ್ನು ನೋಡಿದ ಮೇಲೆ ಗುಂಪು ಕರಪತ್ರ ನಿಲ್ಲಿಸಿ, ಅಂಗಡಿಯವರ ಹತ್ತಿರ ಮಾತಾಡಲು ಶುರು ಮಾಡಿತು. ಅಂಗಡಿಯವರಲ್ಲಿ ಕೇಳಿಕೊಂಡದ್ದು ಒಂದೇ. ಗಿರಾಕಿ ಕೇಳುವ ಮೊದಲೇ ಕೊಟ್ಟೆ ಬಿಡಿಸಬೇಡಿ, "ಚೀಲ ತಂದ್ರಾ?" ಅಂತ ಕೇಳಿ, ಒಂದು ಗಳಿಗೆ ಕಾಯಿರಿ.

ತೂಕದ ವಿಷಯದಲ್ಲಿ ಒಂದು ಸಣ್ಣ ಜಗಳ ನಡೆಯಿತು. ಹಸಿಮೆಣಸು, ಶುಂಠಿಗೆ ಪುಟ್ಟ ಚೀಲಗಳನ್ನೂ ಹೆಣೆದಿದ್ದೆವು. ಚೀಲ ಸಮೇತ ತಕ್ಕಡಿಗೆ ಇಟ್ಟರೆ ಅದರ ತೂಕವೂ ಸೇರುತ್ತದೆ. ಗಿರಾಕಿ ಒಪ್ಪಲ್ಲ. ಬರೀ ತಟ್ಟೆಯಲ್ಲಿ ತೂಗಿ ಆಮೇಲೆ ಸುರಿಯಿರಿ ಅಂದರೆ ಜನ ಜಾಸ್ತಿ ಇದ್ದಾಗ ಅಂಗಡಿಯವರು ಒಪ್ಪಲ್ಲ. ಕೊನೆಗೆ ಕೆಲವರು ತಟ್ಟೆಯಿಂದ ಸುರಿಯಲು ಒಪ್ಪಿದರು, ಕೆಲವರು ಇವತ್ತಿಗೂ ಒಪ್ಪಿಲ್ಲ. ಪುಟ್ಟ ಚೀಲಗಳು ಅಷ್ಟಾಗಿ ಓಡಲಿಲ್ಲ. ಜನ ಎಲ್ಲ ತರಕಾರಿಯನ್ನೂ ಒಂದೇ ಚೀಲಕ್ಕೆ ಹಾಕಿಸಿಕೊಂಡು, ಮನೆಯಲ್ಲಿ ಮೊರಕ್ಕೆ ಸುರಿದು ಬೇರೆ ಮಾಡಿಕೊಳ್ಳುವುದನ್ನೇ ರೂಢಿ ಮಾಡಿಕೊಂಡರು. ಅದೇ ಸುಲಭ ಕೂಡ.

ಅಳೆಯುವುದು ಯಾವುದನ್ನು

ಅಲ್ಲಿಯವರೆಗೆ ನನ್ನ ಪುಸ್ತಕದಲ್ಲಿ ಇದ್ದದ್ದು ಹೆಣೆದ ಚೀಲ ಎಷ್ಟು, ಮಾರಿದ್ದು ಎಷ್ಟು. ಒಬ್ಬ ಕಿರಾಣಿ ಅಂಗಡಿಯವರು ಒಂದು ದಿನ ತಮ್ಮ ಖರೀದಿ ಪುಸ್ತಕ ತೆಗೆದು ತೋರಿಸಿದರು. ಅಕ್ಕಿ, ಬೇಳೆಯ ಜೊತೆ ಕೊಟ್ಟೆಯ ಕಟ್ಟೂ ಅದರಲ್ಲಿತ್ತು. ಮುಂಚೆ ವಾರಕ್ಕೊಂದು ಕಟ್ಟು ತರಿಸುತ್ತಿದ್ದರು. ಈಗ ಹೆಚ್ಚು ಕಡಿಮೆ ಮೂರು ವಾರಕ್ಕೊಂದು. ಇದಕ್ಕಿಂತ ಸರಿಯಾದ ಲೆಕ್ಕ ಬೇರೆ ಇಲ್ಲ ಅಂತ ನನಗೆ ಅನ್ನಿಸಿತು. ಚೀಲ ಎಷ್ಟು ಹೆಣೆದೆವು ಅನ್ನೋದು ನಮ್ಮ ದುಡಿಮೆಯ ಲೆಕ್ಕ. ಅಂಗಡಿ ಎಷ್ಟು ಕೊಟ್ಟೆ ಕೊಂಡಿತು ಅನ್ನೋದು ಊರಿನ ಲೆಕ್ಕ. ಒಪ್ಪಿದ ಅಂಗಡಿಗಳಿಂದ ಆಮೇಲೆ ತಿಂಗಳಿಗೊಮ್ಮೆ ಇದನ್ನೇ ಕೇಳಿ ಬರೆದುಕೊಂಡೆ.

ಆ ಲೆಕ್ಕ ಸಿಹಿಯನ್ನಷ್ಟೇ ಹೇಳಲಿಲ್ಲ. ಸೊಪ್ಪು, ತರಕಾರಿ, ಹೂವಿನ ಕಡೆ ಕೊಟ್ಟೆ ನಿಜವಾಗಿ ಇಳಿಯಿತು. ಮೀನಿನ ಕಡೆ ಒಂದಿಷ್ಟೂ ಇಳಿಯಲಿಲ್ಲ. ಬಲೆ ಚೀಲದಲ್ಲಿ ಮೀನು ತರಲಾಗುವುದಿಲ್ಲ, ಅದಕ್ಕೆ ಸ್ಟೀಲ್ ಡಬ್ಬಿಯೇ ಬೇಕು. ಮದುವೆ ಸೀಸನ್, ಹಬ್ಬದ ವಾರ ಬಂದರೆ ಎಲ್ಲ ಅಂಗಡಿಯಲ್ಲೂ ಕೊಟ್ಟೆ ಮತ್ತೆ ಏರುತ್ತಿತ್ತು. ಗುಟ್ಕಾ ಚೀಟಿ, ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಶೆ ನಮ್ಮ ಕೆಲಸದ ವ್ಯಾಪ್ತಿಗೆ ಬರಲೇ ಇಲ್ಲ. ಚರಂಡಿಯಲ್ಲಿ ಈಗ ಜಾಸ್ತಿ ಕಾಣೋದು ಅವೇ.

ಐನೂರು ಚೀಲದ ಆರ್ಡರ್

ಹೆಸರು ಬಂದ ಮೇಲೆ ಒಂದು ಸಂಸ್ಥೆಯವರು ಬಂದರು. ಜೂನ್ 5ರ ಪರಿಸರ ದಿನಕ್ಕೆ ಐನೂರು ಚೀಲ ಬೇಕು, ತಮ್ಮ ಚಿಹ್ನೆ ಇರಬೇಕು, ಬಣ್ಣ ಬಣ್ಣದ್ದಾಗಿರಬೇಕು, ಬೇಗ ಬೇಕು. ಗುಂಪು ನೋಡಿದ ಅತಿ ದೊಡ್ಡ ಮೊತ್ತ ಅದು. ಜಗಲಿಯಲ್ಲಿ ಎರಡು ಪಕ್ಷವಾಯಿತು.

ದುಡ್ಡಿನ ಲೆಕ್ಕ ಮುಚ್ಚಿಡುವುದಿಲ್ಲ. ಒಂದು ಚೀಲಕ್ಕೆ ಸುಮಾರು 120 ಗ್ರಾಂ ನೂಲು, ಕೈ ಪಳಗಿದವರಿಗೂ ಎರಡು ಮಧ್ಯಾಹ್ನದ ಕೆಲಸ. ನೂಲು, ಟೇಪಿನ ಖರ್ಚು ಕಳೆದು ಉಳಿಯುವುದನ್ನು ಗಂಟೆಗೆ ಹಂಚಿದರೆ ಅಡಿಕೆ ಸುಲಿಯುವ ಕೂಲಿಯ ಹತ್ತಿರಕ್ಕೂ ಬರುವುದಿಲ್ಲ. ಅಡಿಕೆ ಸುಗ್ಗಿಯಲ್ಲಿ ಜಗಲಿ ಖಾಲಿ ಇರುತ್ತಿದ್ದದ್ದು ಇದಕ್ಕೇ, ಅದರಲ್ಲಿ ತಪ್ಪೇನೂ ಇಲ್ಲ. ದುಡ್ಡಿನ ಅಗತ್ಯ ಇದ್ದವರು ಆರ್ಡರ್ ಒಪ್ಪೋಣ ಅಂದರು. ಹಸುವಿನ ಅಕ್ಕ ಒಂದೇ ಪ್ರಶ್ನೆ ಕೇಳಿದರು: "ಕಾರ್ಯಕ್ರಮ ಮುಗಿದ ಮೇಲೆ ಆ ಐನೂರು ಎಲ್ಲಿ ಹೋಗ್ತವೆ?"

ತಮಿಳುನಾಡು ಸರ್ಕಾರ 2021ರ ಡಿಸೆಂಬರ್‌ನಲ್ಲಿ ಹಳದಿ ಬಟ್ಟೆ ಚೀಲದ ಅಭಿಯಾನ ಶುರು ಮಾಡಿದ್ದನ್ನು ಟೀಚರಮ್ಮ ನೆನಪಿಸಿದರು. ಅಲ್ಲಿ ಹತ್ತು ರೂಪಾಯಿ ಹಾಕಿದರೆ ಬಟ್ಟೆ ಚೀಲ ಕೊಡುವ ಮೆಷಿನ್‌ಗಳನ್ನು ಮಾರುಕಟ್ಟೆಯಲ್ಲೇ ಇಟ್ಟರು. ಸಾವಿರ ಲೆಕ್ಕದಲ್ಲಿ ಬೇಕಾದಾಗ ಹೊಲಿದ ಬಟ್ಟೆ ಚೀಲವೇ ಸರಿ. ಅದನ್ನು ಟೈಲರ್ ಹತ್ತು ನಿಮಿಷದಲ್ಲಿ ಹೊಲಿಯುತ್ತಾನೆ, ಹಳೆ ಸೀರೆ, ಹಳೆ ಪಂಚೆಯೂ ಆಗುತ್ತದೆ. ಕೊನೆಗೆ ಗುಂಪು ಆರ್ಡರ್ ಬಿಟ್ಟಿತು. ಊರಿನ ಮೂವರು ಟೈಲರ್‌ಗಳ ಹೆಸರು ಕೊಟ್ಟು, ಹಳೆ ಹತ್ತಿ ಸೀರೆಯಲ್ಲೇ ಹೊಲಿಸಿ ಅಂತ ಕೇಳಿಕೊಂಡಿತು. ಸಂಸ್ಥೆಯವರು ಬೇರೆ ಕಡೆಯಿಂದ ನಾನ್‌ವೋವನ್ ಚೀಲ ತರಿಸಿದರು. ದುಡ್ಡು ಬೇಕಿದ್ದ ಇಬ್ಬರು ಬೇಸರದಿಂದ ಗುಂಪು ಬಿಟ್ಟರು. ಅವರ ಬೇಸರ ನ್ಯಾಯವಾದದ್ದೇ. ಆರ್ಡರ್ ಬಿಟ್ಟದ್ದೂ ಸರಿ ಅಂತ ನಾನು ಇವತ್ತಿಗೂ ಅನ್ನುತ್ತೇನೆ. ಈ ಎರಡೂ ಮಾತು ಒಟ್ಟಿಗೇ ಇರಬಹುದು.

ಈಗ ನಡೆಯುತ್ತಿರುವುದು

ಗುಂಪು ಚಿಕ್ಕದಾಗಿದೆ. ಹೊಸ ಚೀಲ ಹೆಣೆಯುವುದು ಯಾರಾದರೂ ಕೇಳಿದಾಗ ಮಾತ್ರ. ಜಾಸ್ತಿ ಸಮಯ ಹೋಗುವುದು ರಿಪೇರಿಗೆ. ಸಂತೆ ದಿನ ಅಜ್ಜಿಯ ಸೊಪ್ಪಿನ ಪಕ್ಕ ಒಬ್ಬರು ಕಡ್ಡಿ, ನೂಲು ಹಿಡಿದು ಕೂರುತ್ತಾರೆ. ಹರಿದ ಕಣ್ಣು, ಸಡಿಲವಾದ ಹಿಡಿಕೆ ಅಲ್ಲೇ ಸರಿ ಮಾಡಿಕೊಡುತ್ತಾರೆ. ಹಿಡಿಕೆ ಬದಲಾಯಿಸಲು 20 ರೂಪಾಯಿ, ಸಣ್ಣ ಹರಿದದ್ದಕ್ಕೆ ಏನೂ ಇಲ್ಲ. ಶೋಕೇಸಿನಲ್ಲಿದ್ದ ಹಳೆ ಚೀಲಗಳಲ್ಲಿ ಒಂದಿಷ್ಟು ಹೊರಗೆ ಬಂದಿವೆ. ಮೀನಿನ ಜಾಗದಲ್ಲಿ ಡಬ್ಬಿ ತಂದವರಿಗೆ ಏನು ಕೊಸರು ಹಾಕಬಹುದು ಅಂತ ಮೀನು ಮಾರುವ ಅಕ್ಕಂದಿರ ಜೊತೆ ಮಾತು ನಡೆದಿದೆ. ಇನ್ನೂ ಒಪ್ಪಂದ ಆಗಿಲ್ಲ.

ಹೆಣೆಯಲು ಹೊರಟವರಿಗೆ ಗುಂಪು ಕೊನೆಗೆ ನಿಂತ ಅಳತೆ ಇದು. ಮಧ್ಯಮ ದಪ್ಪದ ಹತ್ತಿ ನೂಲು, 3.5 ಮಿಲಿಮೀಟರ್ ಕ್ರೋಶಾ ಕಡ್ಡಿ. ಉಂಗುರದಲ್ಲಿ 12 ಡಬಲ್ ಕ್ರೋಶಾದಿಂದ ಶುರು, ಪ್ರತಿ ಸುತ್ತಿಗೆ 12 ಹೆಚ್ಚಿಸುತ್ತ ಆರೇಳು ಸುತ್ತಿನ ಒತ್ತಾದ ತಳ. ಅದರ ಮೇಲೆ ನಾಲ್ಕು ಬೆರಳಷ್ಟು ಎತ್ತರಕ್ಕೂ ಒತ್ತಾಗಿಯೇ ಹೋಗಿ, ಆಮೇಲೆ ಮೂರು ಚೈನಿನ ಬಲೆ. ಬಾಯಿಗೆ ಮೂರು ಸುತ್ತು ಸಿಂಗಲ್ ಕ್ರೋಶಾ, ಹಿಡಿಕೆ ಅಲ್ಲಿಂದಲೇ ಮುಂದುವರಿಯಬೇಕು, ಎರಡು ಬೆರಳು ಅಗಲ, ಒಳಗೆ ಹತ್ತಿ ಟೇಪು. ಹತ್ತಿ ಒದ್ದೆಯಾದರೆ ಹರಿಯುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಆದರೆ ನಮ್ಮ ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಒಣಗಿಸಿ. ಮತ್ತು ಮಾರುವ ಮುಂಚೆ ಐದು ಕೆಜಿ ಅಕ್ಕಿ ಹಾಕಿ ಒಂದು ರಾತ್ರಿ ನೇತು ಹಾಕಿ ನೋಡಿ.